ಜಪಾನೀಯರ ಭೋಜನಾಲಯದಲ್ಲಿ ಅತಿಥಿಯ ನಡೆ

ಉಣ್ಣುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಪರರ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಕಲಿತೇ ತಿಳಿಯಬೇಕು. ಗಡಿನಾಡಿನವರಾದ ನಮಗೆ ನೆರೆಯವರ ರೀತಿನೀತಿಗಳನ್ನು ಅರಿತು ನಡೆಯುವುದು ಹೊಸದೇನಲ್ಲ. ವಿದ್ಯೆ, ಉದ್ಯೋಗಗಳ ನಿಮಿತ್ತ ನಮ್ಮ ಮಕ್ಕಳು ಜಪಾನಿನವರೆಗೂ ಹೋಗುವ ಕಾಲವಿದು. ಆದ್ದರಿಂದ ಅಲ್ಲಿನ ಸಾಂಪ್ರದಾಯಿಕ ಭೋಜನಾಲಯದ ಶಿಷ್ಟಾಚಾರವನ್ನು ಪಾಠರೂಪದಲ್ಲಿ ನಿರೂಪಿಸಿದ್ದೇನೆ. ಜಪಾನೀಯರ ಆಹಾರ ಪರಂಪರೆಗೆ ‘ವಾಷೋಕು’ ಎಂದು ಹೆಸರು. 2013ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಪ್ರವೇಶ ಮತ್ತು ಆಸನ

ಪಾದರಕ್ಷೆಗಳನ್ನು ಬಾಗಿಲ ಬಳಿಯೇ ಕಳಚಬೇಕು. ಒಳಗೆ ನಡೆಯಲು ಕೊಟ್ಟ ಚಪ್ಪಲಿಯನ್ನೂ ‘ತತಾಮಿ’ ಎಂಬ ಹುಲ್ಲುಚಾಪೆಯ ಕೋಣೆಯ ಹೊರಗೆ ಬಿಡಬೇಕು. ಹೊಸ್ತಿಲನ್ನೂ ಚಾಪೆಯ ಅಂಚನ್ನೂ ತುಳಿಯಬಾರದು. ಚಿತ್ರಪಟ, ಹೂವುಗಳಿಂದ ಅಲಂಕೃತವಾದ ‘ತೊಕೊನೊಮಾ’ ಎಂಬ ಗೂಡಿನ ಮುಂದಿನದು ಅಗ್ರಸ್ಥಾನ. ತಾವಾಗಿ ಅಲ್ಲಿ ಕೂರದೆ, ಆತಿಥೇಯರು ತೋರಿಸುವವರೆಗೆ ಕಾಯುವುದು ಲೇಸು.

ಬಡಿಸಿದ ಮೇಲೆ

ಮೊದಲು ಕೊಡುವ ಒದ್ದೆ ಬಟ್ಟೆ ಕೈಯೊರೆಸಲು ಮಾತ್ರ. ಮುಖ, ಕತ್ತು ಒರೆಸಬಾರದು. ಅನ್ನದ ಬಟ್ಟಲು ಎಡಕ್ಕೆ, ಸಾರಿನ ಬಟ್ಟಲು ಬಲಕ್ಕೆ ಇರುತ್ತದೆ. ‘ಇತದಾಕಿಮಾಸು’, ಅಂದರೆ ‘ವಿನಯದಿಂದ ಸ್ವೀಕರಿಸುತ್ತೇನೆ’ ಎಂದು ಹೇಳಿ ಊಟಕ್ಕೆ ತೊಡಗುವುದು ಪದ್ಧತಿ. ಬಟ್ಟಲಿನತ್ತ ಬಾಗದೆ, ಅದನ್ನೇ ಕೈಯಲ್ಲೆತ್ತಿ ಉಣ್ಣಬೇಕು. ಸಾರನ್ನು ಬಟ್ಟಲಿಗೇ ಬಾಯಿಟ್ಟು ಕುಡಿಯಬಹುದು.

ಜೋಡಿ ಕಡ್ಡಿಗಳ ಬಳಕೆ

ಈ ಪಾಠದಲ್ಲಿ ಮುಖ್ಯವಾದುದು ‘ಹಾಶಿ’ ಎಂಬ ಜೋಡಿ ಕಡ್ಡಿಗಳ ಬಳಕೆ. ಹಿಡಿಯಲು ಬಾರದಿದ್ದರೆ ಅವಮಾನವೇನಿಲ್ಲ. ಆದರೆ ಎರಡು ತಪ್ಪುಗಳನ್ನು ಎಂದಿಗೂ ಮಾಡಬಾರದು. ಒಂದು, ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸುವುದು. ಮೃತರಿಗೆ ಅರ್ಪಿಸುವ ಅನ್ನದಲ್ಲಿ ಮಾತ್ರ ಅವರು ಹಾಗೆ ಮಾಡುತ್ತಾರೆ. ಎರಡು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತನ್ನು ದಾಟಿಸುವುದು. ಶವದಹನದ ನಂತರ ಬಂಧುಗಳು ಜೊತೆಗೂಡಿ ಅಸ್ಥಿಗಳನ್ನು ಕಡ್ಡಿಗಳಿಂದಲೇ ಆಯ್ದು ಕುಂಭದಲ್ಲಿರಿಸುತ್ತಾರೆ. ಅಸ್ಥಿಸಂಚಯನವನ್ನು ಬಲ್ಲ ನಮಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ. ಮೊನ್ನೆಯಷ್ಟೇ ಹೆತ್ತವರನ್ನು ಕಳೆದುಕೊಂಡವರು ಎದುರಿಗೆ ಕುಳಿತಿದ್ದರೆ, ನಮ್ಮ ಅಜ್ಞಾನ ಅವರ ಗಾಯವನ್ನು ಕೆದಕೀತು. ತುತ್ತನ್ನು ಹಂಚಬೇಕಾದರೆ ಅವರ ತಟ್ಟೆಯಲ್ಲಿಡಬೇಕು. ಕಡ್ಡಿಗಳನ್ನು ಬಳಸದಿರುವಾಗ ಅವುಗಳಿಗೆಂದೇ ಇಟ್ಟ ಆಸರೆಯ ಮೇಲೆ ಮಲಗಿಸಬೇಕು.

ಸಸ್ಯಾಹಾರಿಗಳಿಗೆ ಸೂಚನೆ

ಕೇವಲ ತರಕಾರಿಯಂತೆ ಕಾಣುವ ಸಾರಿನಲ್ಲಿಯೂ ಒಣಮೀನಿನ ರಸವಿರುವುದು ಸಾಮಾನ್ಯ. ಬಡಿಸಿದ ಮೇಲೆ ಮುಖ ಸಿಂಡರಿಸುವುದಕ್ಕಿಂತ, ಸ್ಥಳ ಕಾದಿರಿಸುವಾಗಲೇ ತಿಳಿಸುವುದು ಇಬ್ಬರಿಗೂ ಹಿತ. ಬೌದ್ಧ ವಿಹಾರಗಳ ಪರಂಪರೆಯ ‘ಶೋಜಿನ್ ರ್ಯೋರಿ’ಯಲ್ಲಿ ಮೀನುಮಾಂಸಗಳಿಲ್ಲ, ಸಾರಿಗೂ ಕಡಲಸಸ್ಯ, ಒಣ ಅಣಬೆಗಳನ್ನೇ ಬಳಸುತ್ತಾರೆ.

ಊಟದ ಕೊನೆ

ಮುಚ್ಚಳವಿದ್ದ ಬಟ್ಟಲನ್ನು ಮೊದಲಿನಂತೆ ಮುಚ್ಚಿ, ‘ಗೊಚಿಸೋಸಾಮಾ’ ಎಂದು ವಂದಿಸಬೇಕು. ‘ಚಿಸೋ’ ಎಂಬುದರ ಮೂಲಾರ್ಥ ಓಡಾಟ. ಅತಿಥಿಗಾಗಿ ಓಡಾಡಿ ಅಣಿಗೊಳಿಸಿದವರ ಶ್ರಮಕ್ಕೆ ಇದು ಕೃತಜ್ಞತೆ. ಅಲ್ಲಿ ಬಡಿಸಿದವರಿಗೆ ಭಕ್ಷೀಸು ಕೊಡುವ ರೂಢಿಯಿಲ್ಲ; ಈ ಮಾತೇ ಸಾಕು.

ವಿದ್ಯಾರ್ಥಿಗಳೇ, ಈ ನಿಯಮಗಳೆಲ್ಲವೂ ನೆನಪಿನಲ್ಲಿ ಉಳಿಯಲಾರವು. ಮರೆತಾಗ ಪಕ್ಕದವರನ್ನು ನೋಡಿ ನಡೆಯಿರಿ, ತಿಳಿಯದಿದ್ದರೆ ಕೇಳಿರಿ. ಕೇಳಿ ತಿಳಿಯುವವನನ್ನು ಯಾವ ನಾಡಿನ ಪಂಕ್ತಿಯೂ ಹೊರಗಿಡುವುದಿಲ್ಲ.