ಯುಗಾದಿ ಬಂತು, ಪುಟಾಣಿಗಳ ದಿನಚರಿ ಬದಲಾಗಲಿ

ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಕೆಲಸ ಮುಗಿಯುತ್ತದೆ. ದೊಡ್ಡವರಿಗೆ ಮಾಡಿಕೊಟ್ಟಿರುವ ಈ ಅನುಕೂಲ ಮನೆಯಲ್ಲಿರುವ ಮೂರು ವರ್ಷದ ಮಗುವಿಗೆ ಸಿಗುವುದು ಅಪರೂಪ. ಯುಗಾದಿ ಕಳೆದರೂ ಎಷ್ಟೋ ಮನೆಗಳಲ್ಲಿ ಜನವರಿಯ ದಿನಚರಿಯೇ ಮುಂದುವರಿದಿರುತ್ತದೆ. ಎಂಟಕ್ಕೆ ಏಳುವುದು, ಹತ್ತೂವರೆಗೆ ಪಾರ್ಕು, ಮಧ್ಯಾಹ್ನವಿಡೀ ರಚ್ಚೆ, ರಾತ್ರಿ ಹನ್ನೊಂದಾದರೂ ನಿದ್ದೆಯಿಲ್ಲ. ಮಗು ಹಟಮಾರಿಯಾಗಿದೆ ಎಂದು ದೂರುವ ಮೊದಲು ಒಮ್ಮೆ ಗೋಡೆಯ ಗಡಿಯಾರ ನೋಡಿ.

ಒಂದರಿಂದ ಆರು ವರ್ಷದ ಮಕ್ಕಳೊಂದಿಗೆ ಚೈತ್ರ, ವೈಶಾಖಗಳನ್ನು ಕಳೆಯುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮೊದಲ ಹಂತ ಸರಿಯಾದರೆ ಉಳಿದವು ತಾವಾಗಿಯೇ ಸಲೀಸಾಗುತ್ತವೆ.

ಹಂತ 1: ಏಳುವ ಹೊತ್ತು

ಹೆಚ್ಚಿನವರು ಮಲಗಿಸುವ ಹೊತ್ತನ್ನು ಬದಲಿಸಲು ಹೊರಡುತ್ತಾರೆ, ಸುಸ್ತಾಗಿ ಕೈಬಿಡುತ್ತಾರೆ. ಏಳುವ ಹೊತ್ತಿನಿಂದ ಶುರು ಮಾಡಿ. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಮುಂಚೆ ಎಬ್ಬಿಸುತ್ತಾ ಬಂದರೆ ಹದಿನೈದು ಇಪ್ಪತ್ತು ದಿನಗಳಲ್ಲಿ ಮಗು ಆರು, ಆರೂವರೆಗೆ ಏಳುವ ಅಭ್ಯಾಸಕ್ಕೆ ಬರುತ್ತದೆ. ಏಪ್ರಿಲ್‌ನಲ್ಲಿ ಆರೂಕಾಲರ ಹೊತ್ತಿಗೆ ಚೆನ್ನಾಗಿ ಬೆಳಕು ಹರಿದಿರುತ್ತದೆ. ಕಿಟಕಿಯ ಪರದೆ ಸರಿಸಿಟ್ಟರೆ ಅರ್ಧ ಕೆಲಸ ಆದಂತೆಯೇ.

ಅಲ್ಲಿಂದ ಮುಂದೆ ದಿನವನ್ನು ಹೀಗೆ ಹಂಚಿಕೊಳ್ಳಿ. ಒಂಬತ್ತರವರೆಗೆ ಹೊರಗಿನ ಆಟ. ಹತ್ತರಿಂದ ನಾಲ್ಕರವರೆಗೆ ಮನೆಯೊಳಗೆ, ಅದರ ನಡುವೆ ಊಟ ಮತ್ತು ಒಂದು ನಿದ್ದೆ. ಐದರಿಂದ ದೀಪ ಹಚ್ಚುವವರೆಗೆ ಮತ್ತೆ ಹೊರಗೆ. ಏಳೂವರೆಗೆ ಊಟ, ಎಂಟೂವರೆ ಒಂಬತ್ತಕ್ಕೆ ಹಾಸಿಗೆ. ಒಂದೆರಡು ವರ್ಷದ ಮಕ್ಕಳಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಮಧ್ಯಾಹ್ನದ ನಿದ್ದೆ ಮೂರೂವರೆಯ ಆಚೆಗೆ ಹೋಗದಂತೆ ನೋಡಿಕೊಂಡರೆ ರಾತ್ರಿಯ ಲೆಕ್ಕ ತಪ್ಪುವುದಿಲ್ಲ.

ಅಪ್ಪನೋ ಅಮ್ಮನೋ ರಾತ್ರಿ ಎಂಟೂವರೆಗೆ ಕೆಲಸದಿಂದ ಬರುವ ಮನೆಗಳಲ್ಲಿ ಒಂದು ತೊಡಕಿದೆ. ಮಗು ಅವರಿಗಾಗಿ ಕಾದು ಕೂರುತ್ತದೆ, ಬಂದ ಮೇಲೆ ಆಟ ಶುರುವಾಗುತ್ತದೆ, ನಿದ್ದೆ ಹಾರಿಹೋಗುತ್ತದೆ. ಆ ಆಟವನ್ನು ಬೆಳಿಗ್ಗೆಗೆ ತನ್ನಿ. ಬೆಳಗಿನ ವಾಕಿಂಗು ಅಪ್ಪನ ಪಾಲು ಎಂದು ಗೊತ್ತಾದರೆ ಮಗು ತಾನಾಗಿಯೇ ಎದ್ದು ಚಪ್ಪಲಿ ಹುಡುಕುತ್ತದೆ.

ಹಂತ 2: ಬೆಳಗಿನ ಸುತ್ತಾಟ

ವರ್ಷದ ಬೇರೆ ಯಾವ ತಿಂಗಳಲ್ಲೂ ನಮ್ಮ ಬೀದಿಗಳು ಇಷ್ಟು ಬೇಗ ಬೇಗ ಬದಲಾಗುವುದಿಲ್ಲ. ಹೊಂಗೆ ಎಲೆ ಉದುರಿಸಿ ಕೆಲವೇ ದಿನಗಳಲ್ಲಿ ತಿಳಿಹಸಿರಾಗುತ್ತದೆ. ಆಮೇಲೆ ಅದರ ಹೂವು ರಸ್ತೆಯ ಮೇಲೆ ಪುರಿ ಚೆಲ್ಲಿದ ಹಾಗೆ ಬಿದ್ದಿರುತ್ತದೆ. ಅರಳಿಯ ಚಿಗುರು ತಾಮ್ರದ ಬಣ್ಣಕ್ಕೆ ಹೊಳೆಯುತ್ತದೆ. ಕೋಗಿಲೆ ನಸುಕಿನಿಂದಲೇ ಕೂಗಲು ಹಚ್ಚಿಕೊಳ್ಳುತ್ತದೆ. ಹೀಗೆ ಕೂಗುವುದು ಕರಿಯ ಬಣ್ಣದ, ಕೆಂಪು ಕಣ್ಣಿನ ಗಂಡು. ಹೆಣ್ಣಿಗೆ ಮೈಮೇಲೆಲ್ಲ ಚುಕ್ಕಿ, ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಿ. ಇಷ್ಟು ಹೇಳಿ ನೋಡಿ, ಐದು ವರ್ಷದ ಮಗು ಮಾರನೆಯ ದಿನದಿಂದ ಕಾಗೆ ಗೂಡುಗಳನ್ನೆಲ್ಲ ಕತ್ತೆತ್ತಿ ನೋಡುತ್ತಾ ನಡೆಯುತ್ತದೆ.

ದೂರದ ಪಾರ್ಕು ಬೇಡ. ಮನೆಯ ಹತ್ತಿರದ ಒಂದು ಮರವನ್ನು ಆರಿಸಿಕೊಂಡು ದಿನವೂ ಅದರ ಬುಡಕ್ಕೆ ಹೋಗಿ ಬನ್ನಿ. ಚಿಗುರು, ಮೊಗ್ಗು, ಹೂವು, ಕಾಯಿ ಎಲ್ಲವೂ ಎರಡು ತಿಂಗಳೊಳಗೆ ಅಲ್ಲೇ ಕಾಣಸಿಗುತ್ತವೆ. ಕೈಗೊಂದು ಬಟ್ಟೆಯ ಚೀಲ ಕೊಡಿ, ಬಿದ್ದಿರುವುದನ್ನು ಹೆಕ್ಕಲಿ. ಮನೆಗೆ ಬಂದ ಮೇಲೆ ಅವನ್ನು ಬಣ್ಣದ ಪ್ರಕಾರ, ಗಾತ್ರದ ಪ್ರಕಾರ ಜೋಡಿಸುವುದರಲ್ಲೇ ಮುಕ್ಕಾಲು ಗಂಟೆ ಸರಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಕೆಂಪು ಮೈ, ಕರಿ ಕಣ್ಣಿನ ಗುಲಗಂಜಿ ಈ ದಿನಗಳಲ್ಲಿ ಬೇಲಿಯ ಮೇಲೆ ಸಿಪ್ಪೆ ಬಿರಿದು ನೇತಾಡುತ್ತಿರುತ್ತದೆ. ಮಕ್ಕಳ ಕಣ್ಣಿಗೆ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಅದನ್ನು ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಹರಳು ಬೀಜ, ಕಣಗಿಲೆ, ಉಮ್ಮತ್ತಿ ಕೂಡ ವಿಷವೇ. ‘ಅಮ್ಮಾ, ಇದು ತಿನ್ನಬಹುದಾ?’ ಎಂದು ಕೇಳದೆ ಏನನ್ನೂ ಬಾಯಿಗೆ ಹಾಕಬಾರದು ಎಂಬುದನ್ನು ಮೊದಲ ದಿನವೇ ಕಲಿಸಿ. ಮೂರು ವರ್ಷದೊಳಗಿನ ಮಗುವಿನ ಚೀಲವನ್ನು ಮಾತ್ರ ನೀವೇ ಪರೀಕ್ಷಿಸಿ, ಸಣ್ಣ ಬೀಜ ಮೂಗಿಗೋ ಕಿವಿಗೋ ಸೇರಿದರೂ ಕಷ್ಟ. ಅಕಸ್ಮಾತ್ ನುಂಗಿದ್ದರೆ ವಾಂತಿ ಮಾಡಿಸಲು ಹೋಗಬೇಡಿ, ಆ ಬೀಜದ ಸಮೇತ ನೇರ ಆಸ್ಪತ್ರೆಗೆ ನಡೆಯಿರಿ.

ಹಂತ 3: ಕುಡಿಯುವುದು

ಆರು ತಿಂಗಳೊಳಗಿನ ಕೂಸಿಗೆ ಎಂಥ ಬಿಸಿಲಿದ್ದರೂ ನೀರು ಬೇಡ, ತಾಯಿಯ ಹಾಲೇ ಸಾಕು. ಹಾಲೂಡಿಸುವುದನ್ನು ಹೆಚ್ಚಿಸಿ, ತಾಯಿ ತಾನು ಚೆನ್ನಾಗಿ ನೀರು ಕುಡಿಯಬೇಕು. ಮನೆಗೆ ಬಂದ ಹಿರಿಯರು ‘ಪಾಪ, ಗಂಟಲು ಒಣಗಿರುತ್ತೆ, ಒಂದು ಚಮಚ ನೀರು ಕೊಡಮ್ಮ’ ಎಂದಾಗ ಗಟ್ಟಿಯಾಗಿ ಬೇಡವೆನ್ನುವುದು ಸೊಸೆಯೊಬ್ಬಳ ಕೆಲಸವಾಗಬಾರದು, ಮಗನೂ ಆ ಮಾತು ಹೇಳಬೇಕು.

ದೊಡ್ಡ ಮಕ್ಕಳು ಆಟದಲ್ಲಿ ಬಾಯಾರಿಕೆಯನ್ನೇ ಮರೆಯುತ್ತಾರೆ. ಆದ್ದರಿಂದ ಕೇಳಲಿ ಎಂದು ಕಾಯದೆ ನೀವೇ ಕೊಡುತ್ತಿರಿ. ಏಳುತ್ತಲೇ ಒಂದಿಷ್ಟು, ಹೊರಗೆ ಹೋಗುವ ಮುಂಚೆ, ಬಂದ ಮೇಲೆ, ನಿದ್ದೆ ಮುಗಿದ ಕೂಡಲೇ. ಮೂತ್ರದ ಬಣ್ಣ ತಿಳಿಯಾಗಿದ್ದರೆ ಸಾಕಷ್ಟು ಕುಡಿಯುತ್ತಿದೆ ಎಂದರ್ಥ. ಗಾಢ ಹಳದಿಯಾದರೆ ಅಥವಾ ಆರು ಗಂಟೆ ಕಾಲ ಮೂತ್ರವೇ ಹೋಗದಿದ್ದರೆ ತಡಮಾಡಬಾರದು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಜ್ಜಿಗೆ ಕೊಡುವ ಪದ್ಧತಿ ಇಟ್ಟುಕೊಳ್ಳಿ. ಒಂದು ಬಟ್ಟಲು ಮೊಸರಿಗೆ ಮೂರು ಬಟ್ಟಲು ನೀರು ಹಾಕಿ ಕಡೆದು, ಚಿಟಿಕೆ ಉಪ್ಪು, ಜಜ್ಜಿದ ಶುಂಠಿ, ಕರಿಬೇವು ಸೇರಿಸಿ ಸೋಸಿದರೆ ಆಯಿತು. ಮಕ್ಕಳಿಗೆ ಹಸಿಮೆಣಸಿನಕಾಯಿ ಬೇಡ. ರಾಮನವಮಿಯ ಪಾನಕವನ್ನು ಹಬ್ಬದ ದಿನಕ್ಕೇ ಮೀಸಲಿಡಬೇಕಾಗಿಲ್ಲ. ಅರ್ಧ ಬಟ್ಟಲು ಬೆಲ್ಲ, ನಾಲ್ಕು ಬಟ್ಟಲು ನೀರು, ನಿಂಬೆರಸ, ಏಲಕ್ಕಿ, ಚೂರು ಒಣಶುಂಠಿ. ಸಿಹಿಯಿರುವುದರಿಂದ ಸಣ್ಣ ಲೋಟ ಸಾಕು, ಆಮೇಲೆ ಬಾಯಿ ಮುಕ್ಕಳಿಸಲಿ. ವರ್ಷ ತುಂಬದ ಮಗುವಿಗೆ ಉಪ್ಪು, ಬೆಲ್ಲ, ಜೇನು ಯಾವುದೂ ಬೇಡ. ಬಣ್ಣದ ಐಸ್‌ಕ್ಯಾಂಡಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮಂಜುಗಡ್ಡೆ ಮಾಡಿದ ನೀರು ಎಲ್ಲಿಯದೆಂದು ಗೊತ್ತಿಲ್ಲದಿದ್ದರೆ ಅದನ್ನು ಕೊಡಿಸಬೇಡಿ. ಮಾವಿನಹಣ್ಣಿನ ರಸವನ್ನೋ ಮಜ್ಜಿಗೆಯನ್ನೋ ಅಚ್ಚಿಗೆ ಹಾಕಿ ಮನೆಯ ಫ್ರಿಜ್ಜಿನಲ್ಲಿಟ್ಟರೆ ಮಕ್ಕಳಿಗೆ ಅಷ್ಟೇ ಖುಷಿ.

ಹಂತ 4: ಭೇದಿಯಾದರೆ

ಬಿಸಿಲಿಗೆ ಅನ್ನ, ಹಾಲು, ಚಟ್ನಿ ಎಲ್ಲವೂ ಬೇಗ ಹಳಸುತ್ತವೆ, ಹಾಗಾಗಿ ಈ ತಿಂಗಳುಗಳಲ್ಲಿ ವಾಂತಿಭೇದಿ ಸಾಮಾನ್ಯ. ಓಆರ್‌ಎಸ್ ಪೊಟ್ಟಣಗಳನ್ನು ಮನೆಯಲ್ಲಿ ಮೊದಲೇ ತಂದಿಟ್ಟಿರಿ. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೇ ಎಂದು ಓದಿ ನೋಡಿ. ಓಆರ್‌ಎಸ್ ಎಂಬ ಹೆಸರಿನಲ್ಲಿ ಸಿಹಿ ಪಾನೀಯಗಳು ಮಾರಾಟವಾಗುತ್ತಿದ್ದವು. ಆ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

ಪೊಟ್ಟಣವನ್ನು ಪೂರ್ತಿ ಒಂದೇ ಸಲ ಕಲಸಬೇಕು. ಲೋಟಕ್ಕೆ ಸ್ವಲ್ಪ ಪುಡಿ ಉದುರಿಸಿ ಉಳಿದದ್ದನ್ನು ಮಡಚಿಡುವುದರಿಂದ ಪ್ರಮಾಣ ತಪ್ಪುತ್ತದೆ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್, ಚಿಕ್ಕದಕ್ಕೆ 200 ಮಿಲಿಲೀಟರ್, ಕುದಿಸಿ ಆರಿಸಿದ ನೀರು. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ ಸವರಿದ ಅಳತೆ. ವಾಂತಿಯಾಗುತ್ತಿದ್ದರೆ ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕೊಡಿ. ಊಟ, ಎದೆಹಾಲು ನಿಲ್ಲಿಸಬೇಡಿ. ಸತುವಿನ ಮಾತ್ರೆಯನ್ನು 14 ದಿನ ಕೊಡುವ ಬಗ್ಗೆ ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಎಳನೀರು ಒಳ್ಳೆಯದೇ, ಆದರೆ ಓಆರ್‌ಎಸ್ ಮಾಡುವ ಕೆಲಸವನ್ನು ಅದು ಮಾಡದು. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಎಬ್ಬಿಸಿದರೂ ಏಳದಷ್ಟು ಮಂಪರು ಕಂಡರೆ ಮನೆಮದ್ದಿನ ಮಾತೇ ಬೇಡ.

ಹಂತ 5: ಮಧ್ಯಾಹ್ನ

ಇದೇ ಕಷ್ಟದ ಹೊತ್ತು, ಮೊಬೈಲು ಕೈಗೆ ಬರುವುದೂ ಆಗಲೇ. ಎರಡರಿಂದ ನಾಲ್ಕು ವರ್ಷದವರಿಗೆ ಪರದೆಯ ಮುಂದೆ ದಿನಕ್ಕೆ ಒಂದು ಗಂಟೆ ಮೀರಬಾರದು, ವರ್ಷದೊಳಗಿನವರಿಗೆ ಬೇಡವೇ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ಅದರ ಬದಲು ಮಗುವನ್ನು ಅಡುಗೆಮನೆಯ ನೆಲದ ಮೇಲೆ ಕೂರಿಸಿ ಕೆಲಸ ಕೊಡಿ.

ಬೇವಿನ ಹೂವು ಬಿಡಿಸುವ ಕೆಲಸವನ್ನೇ ತೆಗೆದುಕೊಳ್ಳಿ. ಗೊಂಚಲನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಎರಡು ಬೆರಳಿನಿಂದ ಒಂದೊಂದೇ ಹೂವನ್ನು ತೊಟ್ಟಿನಿಂದ ಕೀಳಬೇಕು. ಬಿಗಿಯಾಗಿ ಹಿಡಿದರೆ ಹೂವು ಜಜ್ಜಿಹೋಗುತ್ತದೆ, ಸಡಿಲ ಬಿಟ್ಟರೆ ಬರುವುದಿಲ್ಲ. ನಾಲ್ಕು ವರ್ಷದ ಬೆರಳುಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಯಾವ ಪ್ಲೇಹೋಮಿನಲ್ಲೂ ಇಲ್ಲ. ನೆರಳಲ್ಲಿ ಒಣಗಿಸಿಟ್ಟರೆ ಗೊಜ್ಜಿಗೋ ಸಾರಿಗೋ ಆಗುತ್ತದೆ. ಹಾಗೆಯೇ ಕೋಸಂಬರಿಗೆ ನೆನೆಹಾಕಿದ ಹೆಸರುಬೇಳೆ ಬಸಿಯುವುದು, ಕೊತ್ತಂಬರಿ ಸೊಪ್ಪು ಬಿಡಿಸುವುದು. ಹಕ್ಕಿಗಳಿಗೆ ಮಣ್ಣಿನ ತಟ್ಟೆಯಲ್ಲಿ ನೀರಿಡುವುದನ್ನು ಪೂರ್ತಿ ಮಗುವಿಗೇ ವಹಿಸಿ. ಹಳೆಯ ನೀರು ಚೆಲ್ಲಿ, ತಟ್ಟೆ ಉಜ್ಜಿ, ಹೊಸ ನೀರು ತುಂಬುವುದು ದಿನವೂ ನಡೆಯಲಿ, ಇಲ್ಲದಿದ್ದರೆ ಅದರಲ್ಲೇ ಸೊಳ್ಳೆ ಮೊಟ್ಟೆಯಿಡುತ್ತದೆ.

ಹಂತ 6: ಮೈ, ಬಟ್ಟೆ, ಗುಳ್ಳೆ

ತೆಳು ಹತ್ತಿಯ ಸಡಿಲ ಬಟ್ಟೆ, ಸಂಜೆ ಆಟ ಮುಗಿದ ಮೇಲೆ ಇನ್ನೊಂದು ಸ್ನಾನ. ಬೆವರುಸಾಲೆಗೆ ಇಷ್ಟೇ ಮದ್ದು. ಪೌಡರ್ ಬೇಡ, ಅದು ಬೆವರಿನ ರಂಧ್ರಗಳನ್ನು ಇನ್ನಷ್ಟು ಕಟ್ಟುತ್ತದೆ, ಕೂಸಿನ ಉಸಿರಿಗೂ ಸೇರುತ್ತದೆ.

ಜ್ವರದೊಂದಿಗೆ ನೀರು ತುಂಬಿದ ಗುಳ್ಳೆಗಳು ಎದ್ದರೆ ಅದು ಸೀತಾಳೆ ಸಿಡುಬು ಇರಬಹುದು. ಗುಳ್ಳೆ ಏಳುವ ಒಂದೆರಡು ದಿನ ಮುಂಚಿನಿಂದ ಎಲ್ಲವೂ ಒಣಗಿ ಹೊಪ್ಪಳೆ ಕಟ್ಟುವವರೆಗೆ ಇತರರಿಗೆ ಹರಡುತ್ತದೆ. ಮನೆಯಲ್ಲಿ ಬಸುರಿಯಿದ್ದರೆ ವೈದ್ಯರಿಗೆ ಕೂಡಲೇ ತಿಳಿಸಿ. ‘ಅಮ್ಮ’ ಬಂದಿದ್ದಾಳೆಂದು ಬೇವಿನ ಸೊಪ್ಪು ಇಡುವುದರಿಂದ ತೊಂದರೆಯಿಲ್ಲ, ಸ್ನಾನ, ಊಟ, ವೈದ್ಯರನ್ನು ತಪ್ಪಿಸುವುದು ಮಾತ್ರ ತಪ್ಪು. ಆಸ್ಪಿರಿನ್ ಕೊಡಲೇಬಾರದು. ಇದರ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ಮಕ್ಕಳ ವೈದ್ಯರ ಬಳಿ ಹಾಕಿಸಿಕೊಳ್ಳಬೇಕು.

ಬಿಸಿಲಿನ ಹೊಡೆತಕ್ಕೆ ಮೈ ಕೆಂಡವಾಗಿ ಮಗು ಮಂಕಾದರೆ ನೆರಳಿಗೆ ತಂದು, ಬಟ್ಟೆ ಬಿಚ್ಚಿ, ಒದ್ದೆ ಬಟ್ಟೆಯಿಂದ ಮೈಯೆಲ್ಲ ಒರೆಸುತ್ತಾ ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ.

ಹಂತ 7: ನೀರಿನ ತಾಣಗಳು

ಇದನ್ನು ಓದಿದ ಕೂಡಲೇ ಎದ್ದು ಹೋಗಿ ಸಂಪಿನ ಮುಚ್ಚಳ ನೋಡಿ ಬನ್ನಿ. ಬೇಸಿಗೆಯಲ್ಲಿ ನೀರು ಬಂದಾಗ ತುಂಬಿಸುವ ಗಡಿಬಿಡಿಯಲ್ಲಿ ಅದು ತೆರೆದೇ ಉಳಿಯುತ್ತದೆ. ತುಂಬಿಟ್ಟ ಬಕೆಟ್ ಕೂಡ ಆಗಷ್ಟೇ ನಡೆಯಲು ಕಲಿತ ಮಗುವಿಗೆ ಸಾವಿನ ಬಾಯಿ. ತಲೆ ಭಾರವಾದ್ದರಿಂದ ಬಗ್ಗಿದ ಮಗು ಮುಗ್ಗರಿಸಿದರೆ ಮೇಲೇಳಲಾರದು, ಸದ್ದೂ ಆಗುವುದಿಲ್ಲ. ಬಚ್ಚಲ ಬಾಗಿಲಿಗೆ ಮೇಲುಗಡೆ ಚಿಲಕ ಹಾಕಿಸಿ. ತುಂಬಿಟ್ಟ ಡ್ರಮ್ಮುಗಳನ್ನು ಬಿಗಿಯಾಗಿ ಮುಚ್ಚಿ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿದರೆ ಡೆಂಗಿ ಸೊಳ್ಳೆಯೂ ಹುಟ್ಟದು. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ‘ಎರಡೇ ನಿಮಿಷ’ ಎಂದು ಬಿಟ್ಟು ಹೋಗುವುದನ್ನು ಕೂಡ ಇದೇ ಸಾಲಿಗೆ ಸೇರಿಸುತ್ತೇನೆ. ಕಿಟಕಿ ಚೂರು ಇಳಿಸಿದರೂ ಒಳಗಿನ ಕಾವು ಏರುತ್ತಲೇ ಇರುತ್ತದೆ.

ಹಂತ 8: ಅಜ್ಜಿಯ ಊರಿಗೆ

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗೆ ರಜೆ, ಅಕ್ಕ ಅಣ್ಣಂದಿರ ಜೊತೆ ಪುಟಾಣಿಗಳೂ ಊರಿಗೆ ಹೊರಡುತ್ತವೆ. ಹೊರಡುವ ಮೊದಲು ಫೋನಿನಲ್ಲೇ ಕೆಲವು ಮಾತು ಆಗಿಬಿಡಲಿ. ಬಾವಿಗೆ ಕಟ್ಟೆಯಿದೆಯೇ, ಕೃಷಿಹೊಂಡಕ್ಕೆ ಬೇಲಿಯಿದೆಯೇ, ಕೀಟನಾಶಕದ ಡಬ್ಬಿ ಎಲ್ಲಿದೆ. ಕರಾವಳಿ, ಮಲೆನಾಡಿನ ಕಡೆಯಾದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆಂದು ಪೇಟೆಯ ಮಕ್ಕಳಿಗೆ ಹೇಳಿಕೊಡಿ. ಮರದಿಂದ ಆಗಷ್ಟೇ ಕಿತ್ತ ಮಾವಿನ ತೊಟ್ಟು ಮುರಿದು ಸೊನೆ ಸುರಿಸಿ, ಅರ್ಧ ಗಂಟೆ ನೀರಿನಲ್ಲಿ ನೆನೆಸಿದ ಮೇಲೆ ಕೊಟ್ಟರೆ ತುಟಿಯಂಚಿನಲ್ಲಿ ಹುಣ್ಣಾಗುವುದಿಲ್ಲ. ದಾರಿಗೆ ಮೊಸರನ್ನಕ್ಕಿಂತ ಚಪಾತಿ, ಬಾಳೆಹಣ್ಣು ವಾಸಿ, ಬೇಗ ಕೆಡುವುದಿಲ್ಲ.

ಬಸ್ಸು ನಸುಕಿನದಾಗಲಿ, ರಾತ್ರಿಯದಾಗಲಿ. ಹಗಲು ಹೋಗಲೇಬೇಕಾದರೆ ಬಿಸಿಲು ಯಾವ ಬದಿಗೆ ಬೀಳುತ್ತದೆಂದು ನೋಡಿ ಸೀಟು ಕಾಯ್ದಿರಿಸಿ. ಬೆಂಗಳೂರಿನಿಂದ ಬೆಳಿಗ್ಗೆ ಹುಬ್ಬಳ್ಳಿಯ ಕಡೆ ಹೊರಟು ಇನ್ನೊಂದು ದಿನ ಮಧ್ಯಾಹ್ನದ ಮೇಲೆ ಹಿಂತಿರುಗುವವರಿಗೆ ಎರಡೂ ಸಲ ಎಡಬದಿಯ ಕಿಟಕಿಯೇ ನೆರಳು.