ಕಿವಿಗೊಟ್ಟವರಿಗೆ ಪಾತ್ರ

ತುಮಕೂರಿನವರಿಗೆ ‘ಸದಾರಮೆ’ಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿ ಊರೂರು ತಿರುಗಿ ಆಡಿ ಹೆಸರು ಮಾಡಿದ ನಾಟಕ ಅದು. ಅದರ ಕಳ್ಳನ ಪಾತ್ರದಲ್ಲಿ ಆ ಕಂಪನಿಯ ಗುಬ್ಬಿ ವೀರಣ್ಣನವರನ್ನು ಕಂಡಿದ್ದ ಹಿರಿಯರು ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲೇ ಇದ್ದರು. ಆ ಮಾತು ಬಂದರೆ ಸಾಕು, ಅವರ ಮುಖ ಅರಳುತ್ತಿತ್ತು. ಹಾಡು, ಹಾಸ್ಯ ಎರಡೂ ಸರಿಸಮ ಬೆರೆತ ನಾಟಕ. ಊರಿನ ಹವ್ಯಾಸಿ ತಂಡವೊಂದು ಅದನ್ನು ಕೈಗೆತ್ತಿಕೊಂಡಿದೆ, ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಪ್ರದರ್ಶನ, ಭಾನುವಾರ ಆಡಿಷನ್ ಎಂದು ಗೊತ್ತಾದ ಕೂಡಲೇ ನಾನೂ ಹೆಸರು ಕೊಟ್ಟೆ. ಬ್ಯಾಂಕಿನ ಕೆಲಸ, ಮನೆ, ಮಕ್ಕಳ ನಡುವೆಯೂ ಬಿಡದೆ ಉಳಿಸಿಕೊಂಡಿದ್ದ ಸಂಗೀತ ನನ್ನ ಜೊತೆಗಿತ್ತು. ಆ ದಿನ ಕಲಿತದ್ದು ಮುಂದೆ ಆಡಿಷನ್‌ಗೆ ಹೋಗುವವರಿಗೆ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ಶಾಲೆಯೊಂದರ ಸಭಾಂಗಣದಲ್ಲಿ ಆಡಿಷನ್. ಒಂದು ಮೂಲೆಯಲ್ಲಿ ಹಾರ್ಮೋನಿಯಂ ಮೇಷ್ಟ್ರು, ಪಕ್ಕದಲ್ಲಿ ತಬಲಾದವರು. ಹೆಸರು ಕೂಗಿದ ಮೇಲೆ ಮೇಷ್ಟ್ರು ಪ್ರತಿಯೊಬ್ಬರಿಗೂ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: “ಎಷ್ಟನೇ ಮನೆ ಶ್ರುತಿ?” ಅಂದರೆ ಹಾರ್ಮೋನಿಯಂನ ಯಾವ ಕೀಲಿಯನ್ನು ಆಧಾರವಾಗಿಟ್ಟುಕೊಂಡು ಹಾಡುತ್ತೀರಿ ಎಂದು. ಹಲವರು ಮೊಬೈಲ್‌ನಲ್ಲಿ ಸಿನಿಮಾ ಹಾಡಿನ ಟ್ರ್ಯಾಕ್ ತಂದಿದ್ದರು. ಮೇಷ್ಟ್ರು ಅದನ್ನು ನಿಲ್ಲಿಸಲು ಹೇಳಿ, “ಟ್ರ್ಯಾಕ್ ನಿಮಗೋಸ್ಕರ ಕಾಯಲ್ಲ, ನಾನು ಕಾಯ್ತೀನಿ” ಎಂದರು. ರಂಗಸಂಗೀತದ ಗುಟ್ಟೇ ಆ ಮಾತಿನಲ್ಲಿದೆ. ಟ್ರ್ಯಾಕ್ ಹಾಕಿದರೆ ನಾವು ಅದರ ಹಿಂದೆ ಓಡಬೇಕು. ರಂಗದ ಮೇಲೆ ನಟ ಒಂದು ಕ್ಷಣ ತಡೆದರೆ ಹಾರ್ಮೋನಿಯಂ ಪೆಟ್ಟಿಗೆಯೂ ತಡೆಯುತ್ತದೆ, ಅವನು ಹಾರಿದರೆ ಅದೂ ಹಾರುತ್ತದೆ. ಹಾಗಾಗಿ ನಮ್ಮ ದನಿಗೆ ಯಾವ ಶ್ರುತಿ ಒಗ್ಗುತ್ತದೆ ಎಂಬುದು ಮನೆಯಲ್ಲೇ ಗೊತ್ತಿರಬೇಕು. ಕೊನೆಯ ಸಾಲಿನ ಕುರ್ಚಿಯವರೆಗೂ ದನಿ ತಲುಪುವಂತೆ, ಗಂಟಲು ಬಿಗಿಯದೆ ಹಾಡಬಲ್ಲ ಶ್ರುತಿಯೇ ಸರಿಯಾದದ್ದು. ಪಲ್ಲವಿ, ಒಂದು ಚರಣ ಸಾಕು. ಅಷ್ಟನ್ನು ಯಾವುದೇ ಆಸರೆಯಿಲ್ಲದೆ ಹಾಡುವಂತಿರಬೇಕು.

ನನ್ನ ಸರದಿ ಬಂತು. ನಾನು ಆರಿಸಿಕೊಂಡಿದ್ದು ಹಳೆಯದೊಂದು ರಂಗಗೀತೆ. ಪಲ್ಲವಿ ಎತ್ತುವ ಮೊದಲೇ ನಿರ್ದೇಶಕರು ಕೈ ಎತ್ತಿದರು. “ಮೇಡಂ, ಹಾಡ್ಬೇಡಿ. ಮೊದ್ಲು ಈ ಸಾಲನ್ನ ಪಕ್ಕದ ಮನೆಯವರ ಹತ್ರ ದೂರು ಹೇಳ್ದಂಗೆ ಹೇಳಿ.” ಹೇಳಿದೆ. “ಇನ್ನೊಂದ್ಸಲ ಹೇಳಿ, ಕೊನೇ ಪದಕ್ಕೆ ಶ್ರುತಿ ಹಿಡೀರಿ.” ಮಾತು ಮಾತಾಗಿಯೇ ಶುರುವಾಗಿ ಕೊನೆಯ ಪದದಲ್ಲಿ ಹಾರ್ಮೋನಿಯಂನ ಸ್ವರಕ್ಕೆ ಸೇರಿಕೊಂಡಿತು, ತಬಲಾ ತಾನಾಗಿ ಎದ್ದಿತು. ಎಷ್ಟೋ ವರ್ಷ ಸಂಗೀತ ಕಲಿತ ನನಗೆ ಇದು ಹೊಸ ಬಾಗಿಲು. ಕಛೇರಿಯಲ್ಲಿ ಹಾಡು ಹಾಡಾಗಿಯೇ ಆರಂಭವಾಗುತ್ತದೆ. ನಾಟಕದಲ್ಲಿ ಮಾತು ಸಾಲದೇ ಹೋದಾಗ ಹಾಡು ಹುಟ್ಟುತ್ತದೆ.

ಕಂಪನಿ ನಾಟಕಗಳ ಹಾಡುಗಳಲ್ಲಿ ಬಹಳಷ್ಟು ಮೊದಲೇ ಇದ್ದ ಮಟ್ಟುಗಳಿಗೆ ಕೂರಿಸಿದವು. ಹಿಂದೂಸ್ತಾನಿ ಚೀಜುಗಳು, ಮರಾಠಿ ಮತ್ತು ಪಾರ್ಸಿ ನಾಟಕಗಳ ಧಾಟಿಗಳು ಕನ್ನಡದ ಮಾತು ತೊಟ್ಟು ಬಂದವು. ಮಟ್ಟು ಸೊಗಸಾಗಿದ್ದಷ್ಟೂ ಸಾಹಿತ್ಯ ಅದರ ಕೆಳಗೆ ಮುಳುಗುವ ಅಪಾಯ ಹೆಚ್ಚು. ಹಾಸ್ಯದ ಹಾಡಿನಲ್ಲಿ ಮಾತು ಮುಳುಗಿದರೆ ನಗೆಯೂ ಮುಳುಗಿತು. ಮೇಷ್ಟ್ರು ಅದನ್ನು ನುಡಿಸಿಯೇ ತೋರಿಸಿದರು. ನಗು ತರುವ ಪದ ಬಹುತೇಕ ಸಾಲಿನ ಕೊನೆಯಲ್ಲಿರುತ್ತದೆ. ಸಂಗತಿ, ತಾನ ಏನಿದ್ದರೂ ಅದಕ್ಕೆ ಮೊದಲೇ ಮುಗಿಸಿ, ಆ ಪದವನ್ನು ಬರಿದಾಗಿ, ಒತ್ತಕ್ಷರ ಬಿಡಿಬಿಡಿಯಾಗಿ ಕೇಳುವಂತೆ ಇಡಬೇಕು. ಅದೇ ಪದದ ಮೇಲೆ ಗಮಕ ಎಳೆದರೆ ಕೇಳುಗರು “ಆಹಾ” ಎನ್ನುತ್ತಾರೆ, ನಗುವುದಿಲ್ಲ.

ಮಧ್ಯಾಹ್ನ ಇಬ್ಬಿಬ್ಬರನ್ನು ಜೋಡಿ ಮಾಡಿ ಸದಾರಮೆ ಮತ್ತು ಕಳ್ಳನ ಸನ್ನಿವೇಶ ಕೊಟ್ಟರು. ಕಳ್ಳ ಅವಳನ್ನು ಒಲಿಸಿಕೊಳ್ಳಲು ಹೊರಟಿದ್ದಾನೆ, ಅವಳು ಜಾಣತನದಿಂದ ಅವನನ್ನೇ ಬೇಸ್ತು ಬೀಳಿಸಬೇಕು. ಬಂದ ಗಂಡಸರಲ್ಲಿ ಹೆಚ್ಚಿನವರು ಹುಬ್ಬು ಹಾರಿಸಿ, ದನಿ ಬದಲಿಸಿ, ಬಿದ್ದು ಎದ್ದು ನಗಿಸಲು ನೋಡಿದರು. ಸಣ್ಣದಾಗಿ ನಗು ಬಂತು, ನಿಲ್ಲಲಿಲ್ಲ. ಆಮೇಲೆ ಬಂದವನು ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ. ಸಂಗೀತ ಕಲಿತವನಲ್ಲ. ಹೆಗಲ ಮೇಲೆ ಖಾಲಿ ಗೋಣಿಚೀಲ ಹಾಕಿಕೊಂಡು ನಿಂತ. ಸದಾರಮೆಯಾಗಿದ್ದ ಹುಡುಗಿ ಅವನ ಶೌರ್ಯ ಹೊಗಳಲು ಶುರು ಮಾಡಿದಳು. ಇವನು ಬಾಯಿ ಬಿಡಲಿಲ್ಲ, ಅವಳ ಬಾಯನ್ನೇ ನೋಡುತ್ತಿದ್ದ. ಒಂದು ಹೊಗಳಿಕೆ ಬಂತು, ಚೀಲ ಎಡ ಹೆಗಲಿಗೆ ಹೋಯಿತು. ಇನ್ನೊಂದು ಬಂತು, ಬಲ ಹೆಗಲಿಗೆ ಬಂತು. ಮೂರನೆಯದಕ್ಕೆ ಕದ್ದ ಮಾಲಿನ ಚೀಲವನ್ನೇ ನೆಲಕ್ಕಿಟ್ಟು ತಲೆಗೂದಲು ಸರಿ ಮಾಡಿಕೊಂಡ. ಸಭಾಂಗಣವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಷ್ಟರವರೆಗೆ ಅವನು ಆಡಿದ್ದು ಒಂದು ಮಾತೂ ಇಲ್ಲ.

ನಾನು ಆ ದಿನ ಕಲಿತ ದೊಡ್ಡ ಪಾಠ ಇದೇ. ಆಯ್ಕೆ ಮಾಡುವವರು ಚೆನ್ನಾಗಿ ಹಾಡುವವರನ್ನು, ಚೆನ್ನಾಗಿ ನಗಿಸುವವರನ್ನು ಹುಡುಕುತ್ತಾರೆ ಎಂದು ನಾವು ಅಂದುಕೊಂಡು ಹೋಗುತ್ತೇವೆ. ಅವರು ಮೊದಲು ಹುಡುಕುವುದು ಕಿವಿಗೊಡುವವರನ್ನು. ಹಾರ್ಮೋನಿಯಂಗೆ ಕಿವಿಗೊಟ್ಟರೆ ಶ್ರುತಿ ನಿಲ್ಲುತ್ತದೆ, ತಬಲಾಕ್ಕೆ ಕಿವಿಗೊಟ್ಟರೆ ಲಯ ನಿಲ್ಲುತ್ತದೆ, ಎದುರು ಪಾತ್ರಕ್ಕೆ ಕಿವಿಗೊಟ್ಟರೆ ಹಾಸ್ಯ ತಾನೇ ಬರುತ್ತದೆ. ಇದನ್ನು ಪರೀಕ್ಷಿಸಲೆಂದೇ ನಿರ್ದೇಶಕರು ನಡುವೆ ಪಾತ್ರ ಅದಲುಬದಲು ಮಾಡಿಸಿದರು: ಸದಾರಮೆ ಕಳ್ಳನಾಗಬೇಕು, ಕಳ್ಳ ಸದಾರಮೆಯಾಗಬೇಕು. ತಮ್ಮ ಮಾತನ್ನಷ್ಟೇ ಬಾಯಿಪಾಠ ಮಾಡಿದ್ದವರು ಅಲ್ಲೇ ನಿಂತುಬಿಟ್ಟರು. ಎದುರಿನವರ ಮಾತನ್ನೂ ಕೇಳಿಸಿಕೊಂಡಿದ್ದವರು ಸಲೀಸಾಗಿ ಮುಂದುವರಿದರು.

ಪ್ರೇಕ್ಷಕರಿಗೂ ಕಿವಿಗೊಡಬೇಕು ಎಂಬುದು ಇದರ ಇನ್ನೊಂದು ಮುಖ. ನಗು ಏರುತ್ತಿರುವಾಗ ಮುಂದಿನ ಮಾತು ಆಡಿದರೆ ಅದು ಯಾರಿಗೂ ಕೇಳುವುದಿಲ್ಲ; ಪೂರ್ತಿ ಇಳಿದ ಮೇಲೆ ಆಡಿದರೆ ದೃಶ್ಯವೇ ತಣ್ಣಗಾಗುತ್ತದೆ. ಇಳಿಯತೊಡಗಿದ ಆ ಗಳಿಗೆಯಲ್ಲಿ ಮಾತು ಬೀಳಬೇಕು. ಹಾಡಿನ ನಡುವೆ ನಗು ಬಂದರೆ ತಬಲಾದವರು ಠೇಕಾ ನಡೆಸುತ್ತಲೇ ಇರುತ್ತಾರೆ, ನಟ ಅದೇ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾನೆ. ಹಿಂದೆ ಕಂಪನಿ ನಾಟಕಗಳಲ್ಲಿ ಜನ “ವನ್ಸ್ ಮೋರ್” ಎಂದು ಕೂಗಿದರೆ ನಟರು ಹಾಡನ್ನೇ ಮತ್ತೆ ಹಾಡುತ್ತಿದ್ದರು. ಜನರ ಜೊತೆ ಕೂಡಿ ಕಟ್ಟುವ ಕಲೆ ಅದು.

ತಾಲೀಮಿನ ವೇಳೆಯ ವಿಚಾರವನ್ನೂ ಹೇಳಲೇಬೇಕು. ಅರ್ಜಿಯಲ್ಲಿ ಸಂಜೆ ಬಿಡುವಿದೆಯೇ ಎಂಬ ಪ್ರಶ್ನೆಯಿತ್ತು. ಬ್ಯಾಂಕಿನ ತಿಂಗಳ ಕೊನೆಯ ದಿನಗಳಲ್ಲಿ ತಡವಾಗುತ್ತದೆ ಎಂದು ನಾನು ಇದ್ದದ್ದು ಇದ್ದ ಹಾಗೆ ಬರೆದೆ. ನಿರ್ದೇಶಕರು ಅದನ್ನು ನೋಡಿಯೇ ನನ್ನ ದೃಶ್ಯಗಳ ತಾಲೀಮು ಹೊಂದಿಸಿದರು. ಹವ್ಯಾಸಿ ತಂಡಕ್ಕೆ ಅರ್ಧ ಪ್ರತಿಭೆಯ ಜೊತೆ ಪೂರ್ತಿ ಹಾಜರಿ ಸಿಕ್ಕರೆ ಅದೇ ದೊಡ್ಡ ಬಲ.

ಸದಾರಮೆಯ ಪಾತ್ರದ ಆಸೆ ನನಗಿತ್ತು. ಅದು ಕಾಲೇಜು ಹುಡುಗಿಯೊಬ್ಬಳಿಗೆ ಹೋಯಿತು. ಕಳ್ಳನ ಪಾತ್ರ ಆ ಗ್ಯಾರೇಜಿನ ಹುಡುಗನಿಗೆ. ನನಗೆ ಮೇಳದಲ್ಲಿ ಜಾಗ. ಎರಡು ದಿನ ಬೇಸರವಿತ್ತು. ತಾಲೀಮು ಶುರುವಾದ ಮೇಲೆ ಮೇಳದ ಬೆಲೆ ಗೊತ್ತಾಯಿತು. ನಟ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಯಾವ ಸಾಲು ಎರಡನೇ ಸಲ ಬರುತ್ತದೆ ಎಂದು ಕಾದು ಎತ್ತಿಕೊಡುವವರು ಮೇಳದವರು. ಕಳ್ಳನ ಹಾಡಿಗೆ ನಾವು ಒಂದು ಮಾತ್ರೆ ಮೊದಲು ಬಂದರೂ ಅವನ ನಗೆ ಹೋಗುತ್ತದೆ.

ಈ ಹಾಡುಗಳು ನಮ್ಮವರೆಗೆ ಬಂದದ್ದೂ ಹೀಗೆ ಕಿವಿಗೊಟ್ಟವರಿಂದಲೇ. ವೀರಣ್ಣನವರು 1972ರಲ್ಲಿ ತೀರಿಕೊಂಡರು. ಅವರ ಮೊಮ್ಮಗಳು ಬಿ. ಜಯಶ್ರೀ ತಮ್ಮ ‘ಸ್ಪಂದನ’ ತಂಡದಿಂದ ‘ಸದಾರಮೆ’ಯನ್ನು ಹೊಸ ಪ್ರೇಕ್ಷಕರ ಮುಂದೆ ತಂದರು, ಆರ್. ಪರಮಶಿವನ್ ಅವರಂಥ ಹಾರ್ಮೋನಿಯಂ ವಿದ್ವಾಂಸರು ಕಂಪನಿ ಕಾಲದ ಮಟ್ಟುಗಳನ್ನು ಕಿರಿಯರಿಗೆ ಹೇಳಿಕೊಟ್ಟರು. ಬಾಯಿಂದ ಕಿವಿಗೆ ಬಂದ ಸಂಗೀತವಿದು. ಕಲಿಯುವ ಕಿವಿಗಳು ಕಡಿಮೆಯಾದರೆ ಪುಸ್ತಕದಲ್ಲಿ ಸಾಹಿತ್ಯ ಮಾತ್ರ ಉಳಿಯುತ್ತದೆ. ನಿಮ್ಮೂರಿನ ತಂಡ ಇಂಥ ನಾಟಕ ಎತ್ತಿಕೊಂಡರೆ ಆಡಿಷನ್‌ಗೆ ಹೋಗಿ. ಒಂದು ಹಾಡು, ನಿಮ್ಮ ಶ್ರುತಿ, ಎದುರಿನವರ ಮಾತು ಕೇಳುವ ತಾಳ್ಮೆ, ಇಷ್ಟಿದ್ದರೆ ಸಾಕು. ಪಾತ್ರ ಯಾವುದೇ ಬರಲಿ, ಒಪ್ಪಿಕೊಳ್ಳಿ.