ಡಿಕ್ಕಿಯಲ್ಲಿ ತಿರುಗೋ ಸ್ಪೀಕರ್

ಡಿಕ್ಕಿ ತೆಗೆದು ಬಟನ್ ಒತ್ತಿದ್ರೆ ಸಬ್‌ವೂಫರ್ ಡಬ್ಬಿ ನಿಧಾನವಾಗಿ ನಮ್ಮ ಕಡೆ ತಿರುಗಬೇಕು. ಗೆಳೆಯನ ಮಾವನ ಕಾರಿಗೆ ಇದನ್ನು ಮಾಡಿಕೊಡ್ತೀವಿ ಅಂತ ಒಪ್ಪಿಕೊಂಡಾಗ, ಕಷ್ಟವೆಲ್ಲ ಮೋಟರ್‌ನಲ್ಲಿದೆ ಅಂದುಕೊಂಡಿದ್ವಿ. (ಇದು ಬರೀ ಶೋಕಿ, ಒಪ್ಕೋತೀವಿ. 50 ಹರ್ಟ್ಸ್ ಶಬ್ದದ ವೇವ್‌ಲೆಂತ್ ಸುಮಾರು 7 ಮೀಟರ್, ಕಾರಿಗಿಂತ ಉದ್ದ. ಡಬ್ಬಿ ಯಾವ ಕಡೆ ಮುಖ ಮಾಡಿದ್ರೂ ಬೇಸ್‌ಗೆ ಹೆಚ್ಚು ವ್ಯತ್ಯಾಸ ಆಗಲ್ಲ.)

40 ಸೆಂ.ಮೀ. ವ್ಯಾಸದ ಪ್ಲೈವುಡ್ ತಟ್ಟೆ, ಅದರ ಕೆಳಗೆ ಚಪ್ಪಟೆ ಬೇರಿಂಗ್. ಡಬ್ಬಿ ಸಮೇತ 8 ಕೆಜಿ. ಭಾರವನ್ನು ಬೇರಿಂಗ್ ಹೊರುತ್ತೆ, ಮೋಟರ್ ತಿರುಗಿಸಿದರೆ ಸಾಕು. ಎಲ್ಲ ಸೇರಿ ಒಂದು ಡಿಸ್ಕ್ ಅಂತಿಟ್ಟುಕೊಂಡ್ರೆ ಮೊಮೆಂಟ್ ಆಫ್ ಇನರ್ಷಿಯಾ ½ × 8 × 0.2² = 0.16. ಅರ್ಧ ಸೆಕೆಂಡಿನಲ್ಲಿ 5 ಆರ್‌ಪಿಎಂ ಮುಟ್ಟೋಕೆ 0.17 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಇಷ್ಟೇನಾ ಅನ್ನಿಸಿತು. ಆದರೆ ಕಾರು ಇಳಿಜಾರಿನಲ್ಲಿ ನಿಂತ್ರೆ? ಮ್ಯಾಗ್ನೆಟ್ ಭಾರದಿಂದ ಗುರುತ್ವಕೇಂದ್ರ ನಡುವಿನಿಂದ 5 ಸೆಂ.ಮೀ. ಸರಿದಿದ್ದರೂ, 10 ಡಿಗ್ರಿ ಇಳಿಜಾರಿಗೆ 8 × 9.8 × 0.05 × ಸೈನ್ 10° = 0.68. ನಾಲ್ಕು ಪಟ್ಟು!

ಗುಜರಿಯಲ್ಲಿ 12 ವೋಲ್ಟ್ ವೈಪರ್ ಮೋಟರ್ ಸಿಕ್ಕಿತು. ಒಳಗೆ ವರ್ಮ್ ಗೇರ್ ಇರೋದ್ರಿಂದ ಟಾರ್ಕ್ ಧಾರಾಳ, ಆಫ್ ಮಾಡಿದ ಮೇಲೆ ಡಬ್ಬಿ ತಾನಾಗಿ ಜಾರಲ್ಲ. ವೇಗ ಸುಮಾರು 40 ಆರ್‌ಪಿಎಂ. 5 ಸೆಂ.ಮೀ. ಪುಲ್ಲಿಯಿಂದ ಬೆಲ್ಟನ್ನು ತಟ್ಟೆಯ ಅಂಚಿಗೇ ಸುತ್ತಿದ್ವಿ, ಎಂಟನೇ ಒಂದು ಭಾಗಕ್ಕೆ ಇಳೀತು. ಅರ್ಧ ಸುತ್ತಿಗೆ 6 ಸೆಕೆಂಡ್.

ಯಡವಟ್ಟಾಗಿದ್ದು ಟ್ರಯಲ್ ದಿನ. ಖುಷಿಯಲ್ಲಿ ಬಟನ್ ಬಿಡೋದು ಮರೆತ್ವಿ. ತಟ್ಟೆ ಮೂರು ಸುತ್ತು ಹೋಯ್ತು, ಸ್ಪೀಕರ್ ವೈರ್ ಸುತ್ತಿಕೊಂಡು ಸಿಪ್ಪೆ ಕಿತ್ತು ಬಾಡಿಗೆ ತಗುಲಿತು. ಬಹಳಷ್ಟು ಕಾರ್ ಆಂಪ್ಲಿಫೈಯರ್‌ಗಳಲ್ಲಿ ಸ್ಪೀಕರ್‌ನ ಮೈನಸ್ ವೈರ್ ಗ್ರೌಂಡ್ ಅಲ್ಲ, ಎರಡರಲ್ಲೂ ಸಿಗ್ನಲ್ ಇರುತ್ತೆ. ಯಾವುದು ಬಾಡಿಗೆ ತಾಗಿದ್ರೂ ಆಂಪ್ಲಿಫೈಯರ್ ಸುಡಬಹುದು. ನಮ್ಮ ಪುಣ್ಯ, ಪ್ರೊಟೆಕ್ಷನ್ ಮೋಡ್‌ಗೆ ಹೋಗಿ ಬಚಾವಾಯ್ತು. ಪಕ್ಕದಲ್ಲೇ ನಿಂತಿದ್ದ ಮಾವ ಏನೂ ಅನ್ನಲಿಲ್ಲ. ಬೈದಿದ್ರೇ ವಾಸಿಯಿತ್ತು.

ವಾರವೆಲ್ಲ ಕೂತು ಸರಿಮಾಡಿದ್ವಿ. ತಟ್ಟೆಯ ನಡುವೆ ತೂತು ಕೊರೆದು ವೈರನ್ನು ಅಲ್ಲಿಂದ ಇಳಿಸಿದ್ವಿ, ಕೆಳಗೆ ಸಡಿಲವಾಗಿ ಒಂದು ಸುತ್ತು ಬಿಟ್ಟು. ಹೋಗೋಕೊಂದು, ಬರೋಕೊಂದು ಐದು ಪಿನ್ ರಿಲೇ. ಎರಡೂ ಆಫ್ ಆದಾಗ ಮೋಟರ್‌ನ ಎರಡು ತುದಿಯೂ ಗ್ರೌಂಡ್ ಸೇರುತ್ತೆ, ಅದೇ ಬ್ರೇಕ್. ಆಯಾ ದಿಕ್ಕಿನ ರಿಲೇ ಕಾಯಿಲ್‌ಗೆ ಒಂದೊಂದು ಲಿಮಿಟ್ ಸ್ವಿಚ್. ತಟ್ಟೆ ಕೊನೆ ಮುಟ್ಟಿದಾಗ ಆ ದಿಕ್ಕು ಮಾತ್ರ ಕಟ್ ಆಗುತ್ತೆ, ವಾಪಸ್ ದಾರಿ ತೆರೆದೇ ಇರುತ್ತೆ. ನೀವು ಮಾಡೋದಾದ್ರೆ ಮೋಟರ್ ಬಾಡಿ ನೆಗೆಟಿವ್‌ಗೆ ಸೇರಿದೆಯಾ ಅಂತ ಮಲ್ಟಿಮೀಟರ್ ಇಟ್ಟು ನೋಡಿ. ಸೇರಿದ್ರೆ ದಿಕ್ಕು ಬದಲಿಸುವಾಗ ಶಾರ್ಟ್ ಆಗುತ್ತೆ.

ಮಾವ ಬೇಕಂತಲೇ ಕಾರನ್ನು ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ ತಾವೇ ಬಟನ್ ಒತ್ತಿದ್ರು, ಒತ್ತಿಕೊಂಡೇ ಇದ್ರು. ಡಬ್ಬಿ ತಿರುಗಿ ಟಕ್ ಅಂತ ನಿಂತಿತು.

"ವಾಪಸ್ ಹೋಗುತ್ತೇನ್ರೋ?" ಅಂದ್ರು.

ಹೋಯ್ತು.